ಸುಳ್ಳದ ಬಯೋ ಡಾಕ್ಟರ್

ಸುಳ್ಳದಿಂದ ಹುಬ್ಬಳ್ಳಿಗೆ ಹೊರಡುವ ಮುಂಜಾನೆಯ ಬಸ್ಸಿನಲ್ಲಿ ತೊಡೆಯ ಮೇಲೆ ಬಿಳಿ ಏಪ್ರನ್ ಮಡಚಿಟ್ಟುಕೊಂಡು ಕೂತವನೇ ನಮ್ಮ ಬಯೋ ಡಾಕ್ಟರ್. ಈ ಬಿರುದು ಕೊಟ್ಟದ್ದು ಊರವರು. ಅವನು ಓದುತ್ತಿರುವುದು ಎಂ.ಎಸ್ಸಿ. ಬಯೋಕೆಮಿಸ್ಟ್ರಿ.

"ಡಾಕ್ಟರ್ ಆಗ್ತಿಯೇನೋ ತಮ್ಮಾ?"
"ಇಲ್ರಿ ಕಾಕಾ."
"ಕಂಪೌಂಡರ್?"
"ಅಲ್ರಿ."
"ಹಂಗಾರ ಔಷಧದ ಅಂಗಡಿ ಹಾಕ್ತಿ, ಬಿಡು."

ಅಂಗಡಿಯ ಮಾತು ಮುಗಿಯುವಷ್ಟರಲ್ಲಿ ಕಾಕಾನ ಕಿಸೆಯಿಂದ ಸಕ್ಕರೆ ಕಾಯಿಲೆಯ ರಿಪೋರ್ಟು ಹೊರಬಂದಿರುತ್ತದೆ.

ಓದುವ ಊರಾದ ಧಾರವಾಡದಲ್ಲಿ ಅವನ ಸಂಕಟ ಬೇರೆ. ಯಾವೂರು ಎಂದವರಿಗೆ "ಸುಳ್ಳ" ಎಂದರೆ, "ಖರೇ ಊರು ಹೇಳಲೇ" ಅನ್ನುತ್ತಾರೆ. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯ ಅವನಿಗೆ ಎರಡನೆಯ ಮನೆ. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ಈ ವಿಶ್ವವಿದ್ಯಾಲಯವನ್ನು ಬೆಳೆಸಿದ ಕುಲಪತಿ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. ಆ ಗಣಿತದ ಶಾಪ ಬಯೋಫಿಸಿಕ್ಸ್ ಪೇಪರಿನ ರೂಪದಲ್ಲಿ ತನಗೆ ತಗುಲಿದೆಯೆಂಬುದು ಇವನ ಗಟ್ಟಿ ನಂಬಿಕೆ. ಪ್ರೋಟೀನ್ ಸರಪಳಿ ಹೇಗೆ ಬಾಗಬಹುದು, ಹೇಗೆ ಬಾಗಲಾರದು ಎಂದು ಜಿ.ಎನ್. ರಾಮಚಂದ್ರನ್ 1963ರಲ್ಲೇ ಒಂದು ನಕ್ಷೆಯಲ್ಲಿ ತೋರಿಸಿಬಿಟ್ಟರು. ಪರೀಕ್ಷೆಯ ಹಿಂದಿನ ರಾತ್ರಿ ತಾನು ಹೇಗೆ ಬಾಗಬೇಕೆಂಬುದು ಮಾತ್ರ ಆ ನಕ್ಷೆಯಲ್ಲಿ ಇಲ್ಲ.

ಒಮ್ಮೆ ಬಸ್ಸಿನಲ್ಲಿ ಕಣ್ಣುಮುಚ್ಚಿ "ಬಿಯರ್... ಬಿಯರ್-ಲ್ಯಾಂಬರ್ಟ್..." ಎಂದು ಉರು ಹೊಡೆಯುತ್ತಿದ್ದ. ದ್ರಾವಣ ಗಾಢವಾದಷ್ಟೂ ಬೆಳಕನ್ನು ಹೆಚ್ಚು ಹೀರುತ್ತದೆ ಎನ್ನುವ ನಿಯಮ ಅದು. ಪಕ್ಕದ ಹಿರಿಯರು ಮೊದಲ ಪದವನ್ನಷ್ಟೇ ಕೇಳಿಸಿಕೊಂಡರು. ಸಂಜೆಯೊಳಗೆ ಸುದ್ದಿ ಅಪ್ಪನಿಗೆ ಮುಟ್ಟಿತ್ತು.

ಮನೆಯಲ್ಲೂ ಪಾಠ ನಿಲ್ಲದು. ಅವ್ವ ಜೋಳದ ಹಿಟ್ಟಿಗೆ ಎಸರು ಸುರಿಯುವಾಗ ಬಾಗಿಲಿಗೆ ಒರಗಿ ನಿಲ್ಲುತ್ತಾನೆ: "ಜ್ವಾಳದಾಗ ಗ್ಲುಟೆನ್ ಇಲ್ಲಬೇ. ಕುದಿಯೋ ನೀರಿಗೆ ಪಿಷ್ಟ ಉಬ್ಬಿ ಅಂಟಾಗತೈತಿ, ಅದಕ್ಕ ರೊಟ್ಟಿ ಹರಿಯಂಗಿಲ್ಲ."

"ಹರಿಯಂಗಿಲ್ಲಂದ್ರ ಬಾ, ನೀನೇ ಬಡಿ."

ಬಡಿದ. ಅಂಚೆಲ್ಲ ಒಡೆಯಿತು. "ಎಸರು ಆರಿತ್ತು" ಎಂದ. ಸಬೂಬಿಗೂ ವಿಜ್ಞಾನದ ಆಧಾರ ಬೇಕು ಅವನಿಗೆ.

ಹೊಲದಲ್ಲಿ ಮಾತ್ರ ಅವನ ಮಾತಿಗೆ ಒಮ್ಮೆ ಬೆಲೆ ಬಂತು. ಹೆಸರಿನ ಗಿಡ ಕಿತ್ತು, ಬೇರಿನ ಪುಟ್ಟ ಗಂಟನ್ನು ಉಗುರಿನಿಂದ ಸೀಳಿ ಅಪ್ಪನ ಅಂಗೈಯಲ್ಲಿಟ್ಟ. ಒಳಗೆ ತೆಳುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್ನಿನ ಬಣ್ಣ ಅದು. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಬ್ಯಾಕ್ಟೀರಿಯಾಗಳ ವಾಸ ಅಲ್ಲೇ. ಅಪ್ಪ ಬಹಳ ಹೊತ್ತು ನೋಡಿದರು. ಬಿಯರ್ ಪ್ರಕರಣ ಅಂದಿಗೆ ಮುಗಿಯಿತು.

ಹಿಂಗಾರಿಗೆ ಆಯಿಯ ಸರದಿ. ರಾತ್ರಿ ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ತೊಯ್ದ ಅದನ್ನು ನಸುಕಿನಲ್ಲಿ ಹಿಂಡಿ ಬಾಟಲಿಗೆ ತುಂಬುವುದು ಆಕೆಯ ಪದ್ಧತಿ. ಹೊಟ್ಟೆನೋವಿಗೆ ಮನೆಮದ್ದು. ಇವನು ಪಿಎಚ್ ಕಾಗದ ಅದ್ದಿದ, ಕೆಂಪಾಯಿತು.

"ಆಯಿ, ಇದರಾಗ ಮ್ಯಾಲಿಕ್ ಆಸಿಡ್ ಐತಿ, ಆಕ್ಸಾಲಿಕ್ ಆಸಿಡ್ ಐತಿ!"

"ಹುಳಿ ಐತಿ ಅನ್ನಾಕ ಎರಡು ವರ್ಷ ಕಲೀಬೇಕೇನೋ?"

ಮರುದಿನ ಲ್ಯಾಬಿಗೆಂದು ಬಾಟಲಿ ಹಿಡಿದು ಬಸ್ ಹತ್ತಿದ. ಕಂಡಕ್ಟರ್ ಪಾಸು ನೋಡಿದರು, ಬಾಟಲಿ ನೋಡಿದರು. "ಕಡ್ಲಿ ಹುಳಿರಿ" ಎಂದ. ವಿಜ್ಞಾನದ ವಿಷಯದಲ್ಲಿ ಅದಕ್ಕಿಂತ ಚಿಕ್ಕ ಉತ್ತರ ಅವನು ಕೊಟ್ಟದ್ದೇ ಇಲ್ಲ. ಕಂಡಕ್ಟರ್ ಅಂಗೈ ಚಾಚಿದರು. "ಚಲೋ ಆತು, ಹೊಟ್ಟಿ ಸರಿಯಿಲ್ಲ. ಎಷ್ಟು ಹನಿ ತಗೋಬೇಕ್ರೀ ಡಾಕ್ಟರ?"

ನಾಲ್ಕು ಸೆಮಿಸ್ಟರಿನ ಯಾವ ಪೇಪರಿನಲ್ಲೂ ಅದು ಇರಲಿಲ್ಲ. ಅವನು ಮೊಬೈಲ್ ತೆಗೆದು ಆಯಿಗೆ ಫೋನ್ ಹಚ್ಚಿದ.