ತೆಪ್ಪಗಿರದ ಥ್ರಾಟಲ್

ಅರವತ್ತು ಹತ್ತಿರವಾದಾಗ ಎಲ್ಲರಿಗೂ ಬಿ.ಪಿ. ಬರುತ್ತದೆ, ಶುಗರ್ ಬರುತ್ತದೆ. ನಮ್ಮ ಭಾವನಿಗೆ ವಿಮಾನ ಬಂತು. ಬಂದದ್ದು ಪೆಟ್ಟಿಗೆಗಳಲ್ಲಿ. ಅಮೆರಿಕದ ಮಿಲ್ವಾಕಿಯ ಅವರ ಮನೆ ಗ್ಯಾರೇಜಿನಿಂದ ಕಾರು ಹೊರಬಿದ್ದು ಹಿಮದಲ್ಲಿ ನಿಂತಿತು, ರೆಕ್ಕೆಗಳು ಒಳಗೆ ಬೆಚ್ಚಗೆ ಮಲಗಿದವು. ಅಕ್ಕ ಫೋನಿನಲ್ಲಿ, "ಅಡುಗೆಮನೆ ಸ್ಟೂಲು ಅಲ್ಲಾಡ್ತಿದೆ, ಸರಿ ಮಾಡಿಕೊಡಿ ಅಂತ ಮೂರು ವರ್ಷದಿಂದ ಬಡ್ಕೋತಿದೀನಿ ಕಣೋ. ಈಗ ವಿಮಾನ ಮಾಡ್ತಾರಂತೆ" ಅಂದಳು.

ಇದಕ್ಕೆ ಆ ಊರಿನ ನೀರೇ ಕಾರಣ ಅಂತ ನನ್ನ ಗುಮಾನಿ. ಸ್ವಂತ ಕೈಯಿಂದ ವಿಮಾನ ಕಟ್ಟಿಕೊಳ್ಳುವ ಹುಚ್ಚರನ್ನೆಲ್ಲ ಕೂಡಿಸಿ ಪಾಲ್ ಪೊಬೆರೆಜ್ನಿ ಎಂಬಾತ 1953ರಲ್ಲಿ ಸಂಘ ಕಟ್ಟಿದ್ದು ಅದೇ ಮಿಲ್ವಾಕಿಯಲ್ಲಿ. ಈಗ ಪ್ರತಿ ಜುಲೈ ಕೊನೆಗೆ ಆಶ್‌ಕಾಶ್‌ನಲ್ಲಿ ಅವರದೊಂದು ಜಾತ್ರೆ. ನಮ್ಮ ಕಡೆ ಜಾತ್ರೆಗೆ ಹೋದವರು ಬೆಂಡು ಬತ್ತಾಸು ತರುತ್ತಾರೆ. ಭಾವ ರಿವೆಟ್ ಗನ್ ತಂದರು. ಅಲ್ಲಿನ ಕಾನೂನೂ ಇವರ ತಾಳಕ್ಕೆ ಸರಿಯಾಗಿ ಕುಣಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಹತ್ತುವ ಜಾಗದ ಹತ್ತಿರ ಕನಿಷ್ಠ 2 ಇಂಚು ಎತ್ತರದ ಅಕ್ಷರಗಳಲ್ಲಿ 'ಎಕ್ಸ್‌ಪೆರಿಮೆಂಟಲ್' ಅಂತ ಬರೆಸಿರಬೇಕು, ಅಷ್ಟೇ. ಪ್ರಯೋಗ ಯಾರ ಮೇಲೆ ಅನ್ನೋದನ್ನು ಬರೆಸಬೇಕಾಗಿಲ್ಲ. ಅದು ಹೋದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ತಿಳಿಯಿತು.

ಆ ಹೊತ್ತಿಗೆ ವಿಮಾನ ಹಾರತೊಡಗಿ ಆರು ತಿಂಗಳಾಗಿತ್ತು. ರೆಕ್ಕೆ ಸರಿ, ಬಾಲ ಸರಿ, ಚಕ್ರ ಸರಿ. ಒಂದೇ ಕಾಯಿಲೆ. ಥ್ರಾಟಲ್ ಇಟ್ಟ ಕಡೆ ಇರುತ್ತಿರಲಿಲ್ಲ. ಮೂಗು ತುರಿಸಿಕೊಳ್ಳಲು ಭಾವ ಕೈ ತೆಗೆದರೆ ಸಾಕು, ಲಿವರು ಮೆಲ್ಲಗೆ ಮುಂದಕ್ಕೆ ತೆವಳುತ್ತಿತ್ತು. 5000ದಲ್ಲಿ ಬಿಟ್ಟ ಆರ್‌ಪಿಎಂ ನೋಡನೋಡುತ್ತ 5300.

"ಇದೇನು ಭಾವ, ನಮ್ಮ ಸ್ಕೂಟರಿನ ಎಕ್ಸಲೇಟರ್ ಕೈಬಿಟ್ಟರೆ ವಾಪಸ್ ಬರುತ್ತೆ, ನಿಮ್ಮದು ಮುಂದಕ್ಕೆ ಓಡುತ್ತಲ್ಲ?" ಅಂದೆ. ಅನ್ನಬಾರದಿತ್ತು. ಒಂದೂವರೆ ಗಂಟೆ ಪಾಠವಾಯಿತು.

ಸಾರಾಂಶ ಇಷ್ಟು. ಎಂಜಿನ್ನು ಆಸ್ಟ್ರಿಯಾದ ರೋಟ್ಯಾಕ್ಸ್ 912, ನೂರು ಕುದುರೆಗಳದ್ದು, ಎರಡು ಕಾರ್ಬುರೇಟರ್. ಒಂದೊಂದರ ಮೇಲೂ ಒಂದೊಂದು ಸ್ಪ್ರಿಂಗು, ಎರಡೂ ಎಳೆಯೋದು ಪೂರ್ತಿ ತೆರೆಯುವ ಕಡೆಗೇ. ಬೇಕಂತಲೇ ಹಾಗೆ ಮಾಡಿದ್ದಾರೆ. ಸ್ಕೂಟರಿನ ವಯರ್ ಕಿತ್ತರೆ ಗ್ಯಾರೇಜಿನ ತನಕ ತಳ್ಳಿಕೊಂಡು ಹೋಗಬಹುದು. ಆಕಾಶದಲ್ಲಿ ತಳ್ಳೋರು ಯಾರು? ಅದಕ್ಕೇ ಅಲ್ಲಿ ವಯರ್ ಕಿತ್ತರೆ ಎಂಜಿನ್ನು ಫುಲ್ ಪವರಿಗೆ ಹೋಗಬೇಕು, ನೀವು ಯಾವುದಾದರೂ ರನ್‌ವೇ ತಲೆಯ ಮೇಲೆ ಬಂದು, ಇಗ್ನಿಷನ್ ಆರಿಸಿ, ಹದ್ದಿನ ಹಾಗೆ ತೇಲಿಕೊಂಡು ಇಳಿಯಬೇಕು. ಯೋಚನೆ ಒಳ್ಳೆಯದೇ. ಆದರೆ ಎಂದೋ ಒಂದು ದಿನ ಕಿತ್ತುಹೋಗಬಹುದಾದ ವಯರಿಗಾಗಿ ಆ ಸ್ಪ್ರಿಂಗುಗಳು ದಿನಾ ಎಳೆಯುತ್ತವೆ. ಬಾವಿ ರಾಟೆಯ ಹಗ್ಗ ಬಿಟ್ಟರೆ ಕೊಡ ಜರ್ರನೆ ಇಳಿಯುವುದಿಲ್ಲವೇ, ಹಾಗೆ. ಹಗ್ಗವನ್ನು ಗೂಟಕ್ಕೆ ಸುತ್ತಿ ನಿಲ್ಲಿಸಬೇಕು. ಥ್ರಾಟಲಿನ ಗೂಟ ಅಂದರೆ ಲಿವರಿನ ಪಕ್ಕದ ಫ್ರಿಕ್ಷನ್ ನಾಬು. ತಿರುಗಿಸಿದರೆ ಒಳಗಿನ ವಾಷರುಗಳು ಲಿವರನ್ನು ಅದುಮಿ ಹಿಡಿಯುತ್ತವೆ.

ಎರಡು ಪೇಚುಗಳಿವೆ. ಎಂಜಿನ್ನು ನಡುಗುತ್ತಲೇ ಇರುತ್ತದೆ. ಸೇರನ್ನು ಕುಕ್ಕಿದರೆ ಅಕ್ಕಿ ಇಳಿಯುವ ಹಾಗೆ, ನಿಂತಲ್ಲಿ ಬಿಗಿಯಾಗಿದ್ದ ಲಿವರು ನಡುಕದಲ್ಲಿ ಜಾರುತ್ತದೆ. ಇನ್ನೊಂದು, ಥ್ರಾಟಲ್ ಪೂರ್ತಿ ಹಿಂದಕ್ಕೆಳೆದಾಗಲೇ ಸ್ಪ್ರಿಂಗು ಅತಿ ಹೆಚ್ಚು ಹಿಗ್ಗಿರುತ್ತದೆ, ಅತಿ ಜೋರಾಗಿ ಎಳೆಯುತ್ತದೆ. ಅಂದರೆ ಮೇಲೆ ಹಾರುವಾಗ ಮಹಾಸಾಧುವಾಗಿದ್ದ ಲಿವರು ಕೆಳಗಿಳಿಯುವಾಗ ಹಠ ಹಿಡಿಯುತ್ತದೆ. ಇಳಿಸೋಣ ಅಂತ ಫ್ಲ್ಯಾಪಿಗೆ ಕೈ ಹಾಕಿದರೆ ಎಂಜಿನ್ನು ಗುಂಯ್ ಅಂತ ಏರಿ, ವಿಮಾನ ರನ್‌ವೇ ಮೇಲೆ ತೇಲುತ್ತ ಹೋಗುತ್ತದೆ. ಹೊರಟೆ ಹೊರಟೆ ಅಂತ ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ.

ಭಾವ ಮದ್ದು ಮಾಡದೆ ಬಿಟ್ಟವರಲ್ಲ. ಮೊದಲು ನಾಬನ್ನು ಹಲ್ಲು ಕಚ್ಚಿ ಬಿಗಿದರು. ಲಿವರು ನಿಂತಿತು, ನಿಂತೇಬಿಟ್ಟಿತು. 50 ಆರ್‌ಪಿಎಂ ಏರಿಸಲು ನೂಕಿದರೆ ಅಂಟಿಕೊಂಡಿದ್ದು ಫಕ್ಕನೆ ಬಿಟ್ಟು 300 ಜಿಗಿಯುತ್ತಿತ್ತು. ಆಮೇಲೆ ಸೈಕಲ್ ಟ್ಯೂಬು ಕತ್ತರಿಸಿ ರಬ್ಬರ್ ಬ್ಯಾಂಡ್ ಕಟ್ಟಿದರು. ಆಮೇಲೆ ಅಕ್ಕನ ಬಟ್ಟೆ ಕ್ಲಿಪ್ಪನ್ನು ಲಿವರಿನ ಮುಂದಿನ ಸೀಳಿಗೆ ಸಿಕ್ಕಿಸಿದರು. ಪಕ್ಕದ ಹ್ಯಾಂಗರಿನ ಮುದುಕ ಬಂದು ನೋಡಿ, ಮಾತಿಲ್ಲದೆ ಕ್ಲಿಪ್ಪು ಕಿತ್ತು ಜೇಬಿಗೆ ಹಾಕಿಕೊಂಡ. ಅವನು ಮಾಡಿದ್ದೇ ಸರಿ. ಇಳಿಯುವಾಗ ಏನೋ ಎಡವಟ್ಟಾಗಿ ಮತ್ತೆ ಮೇಲೇಳಬೇಕೆಂದರೆ ಥ್ರಾಟಲ್ ಒಂದೇ ಏಟಿಗೆ ಪೂರ್ತಿ ಮುಂದೆ ಹೋಗಬೇಕು. ಆಗ ಬಟ್ಟೆ ಕ್ಲಿಪ್ಪನ್ನು ಹುಡುಕುತ್ತ ಕೂರಲಾಗದು.

ಇಲ್ಲಿ ನನ್ನದೊಂದು ಸತ್ಕಾರ್ಯವನ್ನೂ ಹೇಳಬೇಕು. ನಮ್ಮ ವಂಶದಲ್ಲಿ ಕಿರ್ ಅಂದದ್ದಕ್ಕೆಲ್ಲ ಎಣ್ಣೆ ಬಿಡುವುದು ಸಂಸ್ಕಾರ: ಬಾಗಿಲ ಕೀಲಿಗೆ, ಸೈಕಲ್ ಚೈನಿಗೆ, ಅತ್ತ ಮಗುವಿನ ಕಿವಿಗೆ. ಭಾವ ಕಾಫಿಗೆ ಹೋಗಿದ್ದಾಗ ನಾನು ಲಿವರು ಆಡಿಸಿ ನೋಡಿದೆ. ಕಿರ್ ಅಂತು. ಅಕ್ಕನ ಹೊಲಿಗೆ ಮಿಷನ್ನಿನ ಎಣ್ಣೆ ಶೀಸೆ ಹತ್ತಿರದಲ್ಲೇ ಇತ್ತು. ನಾಲ್ಕೇ ಹನಿ. ಲಿವರು ಬೆಣ್ಣೆಯಾಯಿತು. ಮಾರನೇ ದಿನ ನೆಲದ ಮೇಲೆ ಮೆಲ್ಲಗೆ ಓಡಿಸಲು ಹೋದರೆ ವಿಮಾನ ಬಿಟ್ಟ ಹೋರಿಯಂತೆ ಓಡತೊಡಗಿತು. ಭಾವ ಕಾಲಲ್ಲಿ ಬ್ರೇಕು, ಕೈಯಲ್ಲಿ ಥ್ರಾಟಲ್, ಬಾಯಲ್ಲಿ ರಾಮನಾಮ. ಆ ಸಂಜೆ ಎಲ್ಲ ಬಿಚ್ಚಿ, ವಾಷರು ಮೂಸಿ ಮೂಸಿ ನೋಡಿ ತಲೆ ಕೆರೆದುಕೊಂಡರು. ಅಕ್ಕ ಬಂದು ಮೂಸಿ, ನನ್ನ ಮುಖ ನೋಡಿ, "ನನ್ನ ಮಿಷನ್ ಎಣ್ಣೆ ಎಲ್ಲೋ?" ಅಂದಳು. ಹಿಡಿದು ನಿಲ್ಲಿಸಲೆಂದೇ ಇರುವ ವಾಷರಿಗೆ ಎಣ್ಣೆ ಹಾಕುವುದೂ ಒಂದೇ, ಬ್ರೇಕ್ ಶೂಗೆ ತುಪ್ಪ ಸವರುವುದೂ ಒಂದೇ. ಎಣ್ಣೆ ಕುಡಿದ ಆ ವಾಷರು ಈಗ ಸ್ಟೂಲಿನ ಗಿಡ್ಡ ಕಾಲಿನಡಿ ಇದೆ. ಸ್ಟೂಲು ಅಲ್ಲಾಡುವುದಿಲ್ಲ.

ಕೊನೆಗೆ ಆದದ್ದು ಸಾದಾ ಕೆಲಸ. ಹೊಸ ಒಣ ವಾಷರು. ಎಲ್ಲೋ ಚೂಪಾಗಿ ಬಳುಕಿದ್ದ ಕೇಬಲ್ಲಿಗೆ ದೊಡ್ಡ ತಿರುವು. ಸ್ಪ್ರಿಂಗು ಸ್ವಲ್ಪ ಮೆತ್ತಗಿನದು. ತೀರಾ ಮೆತ್ತಗೂ ಅಲ್ಲ, ವಯರ್ ಕಿತ್ತ ದಿನ ಅದು ನಿದ್ದೆ ಹೊಡೆಯಬಾರದಲ್ಲ. ಎರಡು ಕಾರ್ಬುರೇಟರಿಗೂ ಒಂದೇ ಅಳತೆಯದು. ಅವು ಓರಗಿತ್ತಿಯರಿದ್ದ ಹಾಗೆ, ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಮ್ಮಿ ಆಯಿತೋ ಇಡೀ ಮನೆ ನಡುಗುತ್ತದೆ. ಎರಡಕ್ಕೂ ಗೇಜು ಸಿಕ್ಕಿಸಿ, ಸರಿಸಮ ಎಳೆಯುವ ತನಕ ಭಾವ ಇಡೀ ಭಾನುವಾರ ತಿರುಪು ತಿರುಗಿಸಿದರು. ನನ್ನನ್ನು ಹತ್ತಡಿ ದೂರ ಕೂರಿಸಿದ್ದರು.

ಮುಂದಿನ ವಾರ ಇಬ್ಬರೂ ಹಾರಿದೆವು. ಬಲಗಡೆ ಮಿಷಿಗನ್ ಸರೋವರ, ಆಚೆ ದಡವೇ ಕಾಣದು. ಭಾವ 5000ಕ್ಕೆ ಇಟ್ಟು, ಎರಡೂ ಕೈ ಮೇಲೆತ್ತಿ, "ನೋಡ್ಕೋ" ಅಂದರು. "ಭಾವ, ಥ್ರಾಟಲ್ ಬಿಡಿ ಸರಿ, ಸ್ಟಿಕ್ ಯಾಕೆ ಬಿಟ್ರಿ!" ಅಂದೆ. ಒಂದು ಕೈ ಇಳಿಸಿದರು. ಹತ್ತು ನಿಮಿಷ ಇಬ್ಬರೂ ಸರೋವರ ನೋಡಲಿಲ್ಲ, ಅಂಕಿ ನೋಡಿದೆವು. 5040.

"ನಲವತ್ತು ಏರಿದೆ ಭಾವ."

"ಅದು ಗೇಜಿನ ತಪ್ಪು ಕಣೋ" ಅಂದವರು, ಒಂದು ಕ್ಷಣ ಬಿಟ್ಟು, ಸುಮ್ಮನೆ ಅನ್ನುವ ಹಾಗೆ ಲಿವರಿನ ಮೇಲೆ ಕೈ ಇಟ್ಟುಕೊಂಡರು.