ಐ, ಜಿ, ಎಚ್, ಟಿ

ಐದಕ್ಷರದ ಇಂಗ್ಲಿಷ್ ಪದಗಳಲ್ಲಿ ನನಗಿರುವ ಪಾಂಡಿತ್ಯ ಯಾವ ಕೆಲಸಕ್ಕೂ ಬಾರದು. ಬ್ಯಾಂಕಿನ ಅರ್ಜಿ ತುಂಬಲು ಇಂದಿಗೂ ಮಗಳನ್ನು ಕೂಗುತ್ತೇನೆ. ಆದರೆ ಕ್ಯೂ ಇದ್ದು ಯು ಇಲ್ಲದ ಪದ ಬೇಕೇ, ಎ-ಇ-ಐ-ಒ-ಯು ಒಂದೂ ಸುಳಿಯದ ಪದ ಬೇಕೇ, ನಡುರಾತ್ರಿ ಎಬ್ಬಿಸಿ ಕೇಳಿ. ಎಬ್ಬಿಸುವ ಕಷ್ಟವೂ ಬೇಡ, ಎದ್ದೇ ಇರುತ್ತೇನೆ. ವರ್ಡಲ್‌ನಲ್ಲಿ ಹೊಸ ಪದ ಬರುವುದು ಹನ್ನೆರಡು ಹೊಡೆದ ಮೇಲೆಯೇ.

ಗುಟ್ಟಿನ ಐದಕ್ಷರದ ಪದವೊಂದನ್ನು ಆರು ಸಾಲಿನೊಳಗೆ ಊಹಿಸುವ ಈ ಆಟವನ್ನು ಜಾಶ್ ವಾರ್ಡಲ್ ಎಂಬಾತ ಕಟ್ಟಿದ್ದು ತನ್ನ ಸಂಗಾತಿ ಪಾಲಕ್ ಶಾ ಅವರಿಗಾಗಿ. ಇಂಗ್ಲಿಷಿನ ಸುಮಾರು 12,000 ಐದಕ್ಷರದ ಪದಗಳನ್ನು ಆಕೆಯೇ ಕೂತು, ಇದು ಗೊತ್ತು, ಇದು ಗೊತ್ತಿಲ್ಲ ಎಂದು ಸೋಸಿ ಸುಮಾರು 2,500ಕ್ಕೆ ಇಳಿಸಿದರು. 2021ರಲ್ಲಿ ಆಟ ಊರಿಗೆಲ್ಲ ಹಬ್ಬಿತು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಅಂದರೆ ಬ್ರೂಕ್ಲಿನ್ನಿನಲ್ಲಿ ಕೂತ ಒಬ್ಬ ಹೆಣ್ಣುಮಗಳಿಗೆ ಯಾವ ಪದ ಗೊತ್ತಿತ್ತು ಎಂಬುದರ ಮೇಲೆ ಹೈದರಾಬಾದಿನ ಕಾಚಿಗೂಡದಲ್ಲಿ ನನ್ನ ಮರ್ಯಾದೆ ನಿಂತಿದೆ.

ಮರ್ಯಾದೆ ಎಂದೆ, ಏಕೆಂದರೆ ನಮ್ಮ ಮನೆತನಕ್ಕೆ ಒಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಬೆಳಗಾದರೆ ಅದರಲ್ಲಿ ಹಸಿರು-ಹಳದಿ ಚೌಕಗಳ ಪ್ರದರ್ಶನ: ಸರಿಯಾದ ಜಾಗದಲ್ಲಿ ಬಿದ್ದ ಅಕ್ಷರಕ್ಕೆ ಹಸಿರು, ಜಾಗ ತಪ್ಪಿದ್ದಕ್ಕೆ ಹಳದಿ. ಷಡ್ಡಕರೊಬ್ಬರಿಗೆ ದಿನವೂ ಎರಡನೇ ಸಾಲಿಗೇ ಉತ್ತರ ಬರುತ್ತದೆ. ಈ ಮಹಾಶಯರು ಪಕ್ಕದ ಕೋಣೆಯಲ್ಲಿ ಹೆಂಡತಿಯ ಫೋನಿನಲ್ಲಿ ಒಂದು ಸುತ್ತು ತಾಲೀಮು ಮಾಡಿಕೊಂಡು ಬರುತ್ತಾರೆಂಬುದು ನನ್ನ ಗುಮಾನಿ. ಸಾಕ್ಷಿ ಇಲ್ಲ, ಹೊಟ್ಟೆಯುರಿ ಇದೆ.

ಈ ಆಟದಲ್ಲಿ ಸೋಲುವುದು ಕಷ್ಟದ ಪದದಿಂದಲ್ಲ. ಕೊನೆಯ ನಾಲ್ಕು ಅಕ್ಷರ ಐ, ಜಿ, ಎಚ್, ಟಿ ಎಂದು ಹಸಿರಾಗಿ ಹೊಳೆದವೆನ್ನಿ, ಗೆದ್ದೆನೆಂದು ಹಿಗ್ಗುವಂತಿಲ್ಲ. ಲೈಟ್, ನೈಟ್, ರೈಟ್, ಫೈಟ್, ಮೈಟ್, ಸೈಟ್, ಟೈಟ್ ಎಲ್ಲವೂ ಮೊದಲ ಚೌಕದ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಇರುವುದೇ ಆರು ಸಾಲು. ನಡುವಿನ ಜಿ ಮತ್ತು ಎಚ್ ಹಿಂದೊಮ್ಮೆ ಗಂಟಲಿನಿಂದ ಉಜ್ಜಿಕೊಂಡು ಬರುತ್ತಿದ್ದ ಸದ್ದು. ನಮ್ಮ ಆಟೋದವರು ‘ಖಾಲಿ ನಹೀ’ ಎನ್ನುವಾಗಿನ ‘ಖ’ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಇಂಗ್ಲಿಷರು ಸದ್ದನ್ನು ಬಿಟ್ಟರು, ಅಕ್ಷರಗಳನ್ನು ಬಿಡಲಿಲ್ಲ. ಬಾಡಿಗೆಯವನು ಮನೆ ಖಾಲಿ ಮಾಡಿದರೂ ಬಾಗಿಲ ಮೇಲೆ ಉಳಿದ ಅವನ ಹೆಸರಿನ ಬೋರ್ಡಿನ ಹಾಗೆ.

ಸೋದರತ್ತೆಯನ್ನು ಮೈಸೂರಿನ ಗಾಡಿಗೆ ಹತ್ತಿಸಲು ಹೋದ ಸಂಜೆ ನಾನು ಸಿಕ್ಕಿಬಿದ್ದದ್ದು ಈ ಜಾಲದಲ್ಲೇ. 1916ರ, ನಿಜಾಮರ ಕಾಲದ ಕಾಚಿಗೂಡ ನಿಲ್ದಾಣ; ಗುಮ್ಮಟ, ಮಿನಾರು, ಜನಜಂಗುಳಿ. ನನ್ನ ಕೈಯಲ್ಲಿ ಅತ್ತೆಯ ಚೀಲವಿರಬೇಕಾದಲ್ಲಿ ಫೋನು. ಉಳಿದಿದ್ದದ್ದು ಕೊನೆಯ ಸಾಲು.

“ಅತ್ತಿ, ಐಟ್ ಅಂತ ಮುಗಿಯೋದೊಂದು ಇಂಗ್ಲಿಷ್ ಪದ ಹೇಳ್ರಿ, ಲಗೂನ.”

“ವೈಟ್.”

“ಅದರಾಗ ಜಿ-ಎಚ್ ಇಲ್ರಿ.”

“ಜಿ-ಎಚ್ ನಾ ಎಲ್ಲಿಂದ ತರಲೋ? ಕೈಟ್?”

“ಅದರಾಗೂ ಇಲ್ರಿ.”

ಬೆಂಚಿನ ಮೇಲಿದ್ದ ತೆಲುಗಿನ ಹಿರಿಯರೊಬ್ಬರು ಪತ್ರಿಕೆ ಮಡಿಸಿ “ಬ್ರೈಟ್” ಎಂದರು. ಆರಕ್ಷರ, ಆಗದು ಎಂದೆ. ಇಡ್ಲಿ ಕೊಳ್ಳುತ್ತಿದ್ದ ಕಾಲೇಜು ಹುಡುಗ ಇಣುಕಿ “ಹೈಟ್” ಎಂದ. ಅದೂ ಆರಕ್ಷರ. ಅಷ್ಟು ಹೊತ್ತಿಗೆ ಕೂಲಿಯವನೂ ತಲೆಯ ಮೇಲಿನ ಟ್ರಂಕಿನ ಸಮೇತ ನಿಂತು ಯೋಚಿಸತೊಡಗಿದ್ದ. “ಫೈಟ್ ಡಾಲೋ ಸಾಬ್” ಎಂದ. ಹಾಕಿ ನೋಡಿದ್ದಾಯಿತು ಎಂದಾಗ ನನಗಿಂತ ಹೆಚ್ಚು ನೊಂದುಕೊಂಡ. “ಹಂಗಾರ ಟ್ಯೂಬ್‌ಲೈಟ್ ಅಂತ ಹಾಕು, ನಿನಗ ಚಲೋ ಹೊಂದತದ” ಎಂದು ಅತ್ತೆ ತೀರ್ಪು ಕೊಟ್ಟು, ಕುತ್ತಿಗೆ ಚಾಚಿ ಕೇಳಿದರು: “ಎಸ್ ಏಟ್ ಯಾ ಕಡೆ ಬರ್ತದೋ? ಏಟ್! ಏಟ್!”

“ಮುಂದ, ಮುಂದ” ಎಂದೆ, ತಲೆ ಎತ್ತದೆ. ಗಾಡಿ ಬಂತು. ಎಸ್ ಏಟ್ ಬೋಗಿ ಹಿಂದಿತ್ತು. ಅತ್ತೆ, ಕೂಲಿ, ಟ್ರಂಕು, ಪುಳಿಯೋಗರೆ ಡಬ್ಬಿ ಎಲ್ಲವೂ ಹಿಮ್ಮುಖವಾಗಿ ಓಡಿದವು. ಅವರು ಹತ್ತಿದರು, ಗಾಡಿ ಹೊರಟಿತು, ನಾನು ‘ರೈಟ್’ ಎಂದು ಒತ್ತಿದೆ. ತಪ್ಪು. ಸರಿಯುತ್ತರ ತೆರೆಯ ಮೇಲೆ ಮೂಡಿತು: ಇ, ಐ, ಜಿ, ಎಚ್, ಟಿ. ಏಟ್. ಅತ್ತೆ ಪ್ಲಾಟ್‌ಫಾರಂ ಉದ್ದಕ್ಕೂ ಕೂಗಿದ್ದು ಅದನ್ನೇ. ಹುಡುಗ ಹೇಳಿದ ‘ಹೈಟ್’ನ ತಲೆಯಿಂದ ಎಚ್ ಒಂದನ್ನು ಕೆಡವಿದ್ದರೂ ಸಿಗುತ್ತಿತ್ತು. ನಾವೆಲ್ಲ ಪ್ರಾಸ ಹುಡುಕುತ್ತಿದ್ದೆವು, ಈ ಪದ ಪ್ರಾಸಕ್ಕೇ ಸೇರಿರಲಿಲ್ಲ.

ಪ್ರಾಸ ಹುಡುಕಿದ ಅತ್ತೆಯನ್ನು ಕಂಡು ಮಾತ್ರ ನಾನು ನಗಲಾರೆ. ಅವರ ಕಾಲದ ಭಾಷೆಗಳ ಲೆಕ್ಕವೇ ಬೇರೆ. ನಮ್ಮಪ್ಪ ಓದಿದ್ದು ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಆಗ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು, ನಾವು ಇಲ್ಲೇ ಉಳಿದೆವು. ಕಾಚಿಗೂಡದಲ್ಲಿ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಇದ್ದುದರಿಂದ ನಮ್ಮಂಥವರಿಗೆ ಕನ್ನಡದ ಅಕ್ಷರವೂ ಉಳಿಯಿತು. ಅತ್ತೆಗೆ ಮನೆಯಲ್ಲಿ ಕನ್ನಡ, ತರಕಾರಿಯವಳೊಡನೆ ತೆಲುಗು, ಆಟೋದವರೊಡನೆ ದಖ್ಖನಿ, ಮಾರವಾಡಿ ಅಂಗಡಿಯಲ್ಲಿ ಹಿಂದಿ. ಕನ್ನಡದ ಹೊರತು ಉಳಿದದ್ದೆಲ್ಲ ಕಿವಿಯಿಂದಲೇ ಒಳಗೆ ಹೋದದ್ದು. ನಾಲ್ಕರಲ್ಲೂ ಜಗಳ ಗೆಲ್ಲುತ್ತಾರೆ. ಇದಕ್ಕೆ ಯಾರೂ ಅವರಿಗೆ ಒಂದು ಹಸಿರು ಚೌಕ ಕೊಟ್ಟಿಲ್ಲ. ಸ್ಪೆಲ್ಲಿಂಗ್ ತಪ್ಪಿದವರನ್ನು ಕಂಡು ಗ್ರೂಪಿನಲ್ಲಿ ಹಲ್ಲುಕಿರಿಯುವ ನಮ್ಮ ಮಕ್ಕಳಿಗೆ, ಇದೇ ಅತ್ತೆಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದ ಬರೆಯಲು ಬಾರದು.

ಇರಲಿ. ಅತ್ತೆ ಮೈಸೂರಿಗೆ ಸುಖವಾಗಿ ಮುಟ್ಟಿದರು, ನಾನು ಆಟ ಬಿಟ್ಟಿಲ್ಲ. ಆಡುವವರಿಗೆ ಒಂದು ಮಾತು. ಐ, ಜಿ, ಎಚ್, ಟಿ ಹಸಿರಾದರೆ ಒಂದೊಂದೇ ಪದ ಹಾಕುತ್ತ ಸಾಲು ಸುಡಬೇಡಿ. ‘ಫಿಲ್ಮ್ಸ್’ ಎಂದು ಹಾಕಿ. ಎಫ್, ಎಲ್, ಎಂ, ಎಸ್ ನಾಲ್ಕರ ಹಣೆಬರಹ ಒಟ್ಟಿಗೆ ತಿಳಿಯುತ್ತದೆ. ಸಿಕ್ಕ ಅಕ್ಷರಗಳನ್ನು ಮುಂದೆಯೂ ಬಳಸಲೇಬೇಕೆನ್ನುವ ಹಾರ್ಡ್ ಮೋಡ್ ಇಟ್ಟುಕೊಂಡಿದ್ದರೆ ಈ ಉಪಾಯ ನಡೆಯದು, ದಯವಿಟ್ಟು ಅದನ್ನು ತೆಗೆದುಬಿಡಿ. ಹಿರಿಯರನ್ನು ಗಾಡಿಗೆ ಹತ್ತಿಸಬೇಕಾದ ದಿನವಂತೂ ತೆಗೆಯಲೇಬೇಕು.