ಸುಕ್ಕಿಗೂ ಬೆಲೆ

ಮುಖದಲ್ಲಿ ಒಂದು ಸುಕ್ಕು ಕಂಡರೆ ಕ್ರೀಮಿನ ಡಬ್ಬಿ ಹುಡುಕುವವರು, ಬೆಳ್ಳಿ ಪದಕ ಸುಕ್ಕುಗಟ್ಟಿದ್ದರೆ ಹೆಚ್ಚು ದುಡ್ಡು ಕೊಡುತ್ತಾರೆ. ಸ್ಟುಡಿಯೋದಲ್ಲಿ ಕೂತು ಬೆಳ್ಳಿ ಬಡಿಯುವ ಅಕ್ಕಸಾಲಿಯ ಹೊಟ್ಟೆಪಾಡು ಈ ವಿಚಿತ್ರದಿಂದಲೇ.

ಅವನ ಸರಕು ಸ್ಟರ್ಲಿಂಗ್: 1000 ಪಾಲಿನಲ್ಲಿ 925 ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಸುತ್ತಿಗೆಯ ಪೆಟ್ಟು ಬಿದ್ದಷ್ಟೂ ಅದು ಹಟಮಾರಿ ಕೂಸಿನಂತೆ ಗಡುಸಾಗುತ್ತದೆ. ಆಗ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸಮಾಧಾನ ಮಾಡಬೇಕು. ಇಲ್ಲವೋ, ಬಿರುಕು.

ಸುಕ್ಕಿನ ಗುಟ್ಟು ಇರುವುದು ತಾಮ್ರದಲ್ಲಿ. ಮತ್ತೆ ಮತ್ತೆ ಕಾಯಿಸಿ ಆಮ್ಲದಲ್ಲಿ ಅದ್ದಿದರೆ ಮೇಲ್ಮೈಯ ತಾಮ್ರ ಕಳಚಿ, ಹೆಚ್ಚುಕಡಿಮೆ ಅಪ್ಪಟ ಬೆಳ್ಳಿಯ ಪೊರೆ ಉಳಿಯುತ್ತದೆ. ಅಪ್ಪಟ ಬೆಳ್ಳಿ ಕರಗಲು 962 ಡಿಗ್ರಿ ಬೇಕು. ಒಳಗಿನ ಮಿಶ್ರಲೋಹ ಅದಕ್ಕೆ ಮೊದಲೇ ನೀರಾಗುತ್ತದೆ. ಅದು ಆರುವಾಗ ಮೇಲಿನ ಪೊರೆ ಹಾಲಿನ ಕೆನೆಯಂತೆ ಮುದುಡುತ್ತದೆ. ರಷ್ಯಾದ ಫ್ಯಾಬರ್ಜೆ ಸಂಸ್ಥೆಯ ಸಿಗರೇಟು ಡಬ್ಬಿಗಳಿಗೂ ಇಂಥ ಒರಟು ಮೈ ಇತ್ತು. ಟಾರ್ಚಿನ ಜ್ವಾಲೆ ಒಂದು ಗಳಿಗೆ ಹೆಚ್ಚು ನಿಂತರೆ ಮಾತ್ರ ಪದಕದ ಬದಲು ಗೋಲಿ!

ಕೊನೆಗೆ ಗಂಧಕದ ದ್ರಾವಣದಿಂದ ತಗ್ಗುಗಳನ್ನು ಕಪ್ಪಾಗಿಸಿ, ಉಬ್ಬುಗಳನ್ನಷ್ಟೇ ಉಜ್ಜಿ ಹೊಳೆಸುತ್ತಾನೆ. ಅರ್ಧ ದಿನದ ಕೆಲಸ. ಕೊಂಡವರ ಮನೆಯಲ್ಲಿ ಅಜ್ಜಿ ಅದನ್ನು ನೋಡಿ, "ಅಯ್ಯೋ, ಎಷ್ಟು ಕಪ್ಪಾಗಿದೆಯೇ!" ಎಂದು ವಿಭೂತಿ ಹಚ್ಚಿ ತಿಕ್ಕಲು ಕೂರುತ್ತಾರೆ.